ದಾರ ಕಟ್ಟದ ಚೀಟಿಗಳು

ಹೋದ ತಿಂಗಳು ಮಗಳು ನನ್ನ ಫೋನಿಗೆ ಟಿಪ್ಪಣಿ ಬರೆದಿಟ್ಟುಕೊಳ್ಳುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಬರೆಯಬೇಕೆಂದು ಹೊಳೆದದ್ದನ್ನೆಲ್ಲ ಅದರಲ್ಲಿ ತುಂಬುತ್ತ ಹೋಗಬೇಕಂತೆ, ಒಂದೊಂದಕ್ಕೂ ಬಣ್ಣದ ಲೇಬಲ್ ಹಚ್ಚಬೇಕಂತೆ, ಆಮೇಲೆ ಬೇಕಾದದ್ದು ಬೇಕಾದಾಗ ಕೈಗೆ ಸಿಗುತ್ತದಂತೆ. ನಾನು ಒಂದು ವಾರ ತುಂಬಿದ್ದೇ ತುಂಬಿದ್ದು. ಲೇಬಲ್ಲಿನ ಗೊಡವೆಗೆ ಮಾತ್ರ ಹೋಗಲಿಲ್ಲ. ಮೊನ್ನೆ ಅವಳು ಫೋನ್ ಎತ್ತಿಕೊಂಡು ನೋಡಿ, "ಅವ್ವಾ, ಎಷ್ಟ ಕಸ ತುಂಬೀದಿ ಇದರಾಗ. ಲೇಬಲ್ ಇಲ್ದವನ್ನೆಲ್ಲಾ ಒಮ್ಮೆಲೇ ಅಳಿಸಿಬಿಡ್ಲೇನು?" ಅಂದಳು. ನಾನು ಹಾಲನ್ನು ಒಲೆಯ ಮೇಲೆ ಬಿಟ್ಟು ಓಡಿಬಂದು ಫೋನ್ ಕಸಿದುಕೊಂಡೆ. ಅತ್ತ ಹಾಲು ಉಕ್ಕಿತು. ಅವಳು ನನ್ನ ಮುಖ ನೋಡಿ ಗಾಬರಿಯಾದಳು. ಯಾಕೆ ಹಾಗೆ ಮಾಡಿದೆ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಹೇಳುವಾಗ ಒಂದಿಷ್ಟು ಬಿಟ್ಟಿದ್ದೆ, ಇಲ್ಲಿ ಬಿಟ್ಟಿಲ್ಲ.

ನಾನು ಮೊದಲಿಂದಲೂ ಅಂಜುಬುರುಕಿ. ಹಾವು, ಕತ್ತಲೆ, ದೆವ್ವ ಇವಕ್ಕೆ ಅಷ್ಟಾಗಿ ಅಂಜಿದವಳಲ್ಲ. ಮರೆತುಬಿಡುತ್ತೇನೆ ಅನ್ನುವ ಅಂಜಿಕೆ ನನ್ನದು. ಪೇಟೆಗೆ ಹೋದರೆ ತರಬೇಕಾದದ್ದನ್ನು ದಾರಿಯುದ್ದಕ್ಕೂ ಗುನುಗುತ್ತ ಹೋಗುತ್ತಿದ್ದೆ, ಎದುರಿಗೆ ಯಾರಾದರೂ ಬಂದು ಮಾತಾಡಿಸಿದರೆ ಎಲ್ಲ ಹಾರಿಹೋಗಿ ಬರಿಗೈಲಿ ವಾಪಸಾಗುತ್ತಿದ್ದೆ. ಇಂಥವಳಿಗೆ ಕಥೆ ಬರೆಯುವ ಹುಚ್ಚು ಯಾಕೆ ಹಿಡಿಯಿತೋ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಣೆಬೆನ್ನೂರಿನಲ್ಲಿ ಬಿ.ಎ. ಮುಗಿಸಿ ಮೇಡ್ಲೇರಿಯ ನಮ್ಮ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಬರೀ ಮಾತಿಗೆ. ಬೆಳಿಗ್ಗೆ ಸಂಜೆ ಅವ್ವನ ಜೊತೆ ಹೊಲದಲ್ಲೇ ಇರುತ್ತಿದ್ದೆ. ಅಪ್ಪ ರಾಣೆಬೆನ್ನೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ. ಮೊದಲ ಬಸ್ಸಿಗೆ ಹೋದರೆ ಕೊನೆಯ ಬಸ್ಸಿಗೆ ಬಂದು, ಉಂಡು, ಮಲಗುವುದು. ಹೊಲದ ಕಾರಭಾರವೆಲ್ಲ ಅವ್ವನದು. ಹೊಲ ಅಂದರೆ ಒಂದು ಕಂಪನಿಗಾಗಿ ಹೈಬ್ರಿಡ್ ಹತ್ತಿಯ ಬೀಜ ಮಾಡಿಕೊಡುವ ಪ್ಲಾಟು.

ಆ ಕೆಲಸವನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಲದಲ್ಲಿ ಹೆಣ್ಣು ಗಿಡದ ಸಾಲುಗಳು, ಗಂಡು ಗಿಡದ ಸಾಲುಗಳು ಬೇರೆ ಬೇರೆ ಇರುತ್ತವೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುತ್ತಲೂ ಬಿಡಿಸಿ, ಒಳಗಿನ ಪರಾಗವನ್ನೆಲ್ಲ ಕಿತ್ತು, ನಡುವಿನ ಎಳೆಯ ದಂಟೊಂದನ್ನೇ ಉಳಿಸಿ, ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು, ಗಂಡು ಸಾಲಿನಿಂದ ಅರಳಿದ ಹೂ ತಂದು ಅದರ ಮೇಲೆ ಸವರಿ, ತೊಟ್ಟಿಗೆ ಒಂದು ಎಳೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಿದ್ದೆವು. ದಾರ ಇದ್ದ ಕಾಯಿ ಮಾತ್ರ ನಮ್ಮ ಬೀಜ. ದಾರವಿಲ್ಲದೆ ತನ್ನಷ್ಟಕ್ಕೆ ತಾನೇ ಆದ ಕಾಯಿಗೆ 'ಸೆಲ್ಫ್' ಅಂತ ಹೆಸರು. ಅದು ಕಂಡಲ್ಲಿ ಚಿವುಟಿ ಎಸೆಯಬೇಕು. ಕಂಪನಿಯ ಸಾಹೇಬರು ತಪಾಸಣೆಗೆ ಬಂದಾಗ ಅಂಥವು ನಾಲ್ಕು ಕಣ್ಣಿಗೆ ಬಿದ್ದರೆ ಇಡೀ ಪ್ಲಾಟೇ ಬೇಡ ಅಂದುಬಿಡಬಹುದು. ಅವ್ವನ ಕಣ್ಣಿಗೆ ದಾರವಿಲ್ಲದ್ದು ತಪ್ಪಿಸಿಕೊಂಡದ್ದೇ ಇಲ್ಲ. ಬೇರೆಯವರ ಬದುವಿನ ಮೇಲೆ ನಡೆದು ಹೋಗುವಾಗಲೂ ಅವಳ ಕೈ ಚಾಚಿ ಒಂದೆರಡು ಚಿವುಟಿಯೇ ಮುಂದೆ ಹೋಗುತ್ತಿತ್ತು.

ನನಗೆ ಕಥೆಗಳು ಹೊಳೆಯುತ್ತಿದ್ದದ್ದು ಈ ಕೆಲಸದ ನಡುವೆಯೇ. ಎರಡೂ ಕೈ ಹೂವಿನಲ್ಲಿದ್ದಾಗ, ಪೆನ್ನು ಮನೆಯಲ್ಲಿದ್ದಾಗ, ಏನೋ ಒಂದು ಫಕ್ಕನೆ ಹೊಳೆಯುವುದು. ಮನೆ ಮುಟ್ಟುವಷ್ಟರಲ್ಲಿ ಮಾಯ. ಅಂಗೈ ಮೇಲೆ ಬರೆದುಕೊಂಡರೆ ಬೆವರಿಗೆ ಅಳಿಸಿಹೋಗುತ್ತಿತ್ತು. ಹೇಗೋ ಬರೆದ ಒಂದು ಕಥೆಯನ್ನು ಕಾಲೇಜಿನಲ್ಲಿ ಕನ್ನಡ ಕಲಿಸಿದ್ದ ಸರ್ ಒಂದು ವಾರಪತ್ರಿಕೆಗೆ ಕಳಿಸಿದರು. ಅವರು ಆಗ ಹಾವೇರಿಯಲ್ಲಿದ್ದರು. ಕಥೆ ಅಚ್ಚಾಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದಸರೆ ಹತ್ತಿರ ಬಂದಾಗ ಸರ್ ಹೇಳಿ ಕಳಿಸಿದರು: ಪತ್ರಿಕೆಯವರು ಈ ಹುಡುಗಿಯಿಂದ ಒಂದು ಧಾರಾವಾಹಿ ಕೇಳುತ್ತಿದ್ದಾರೆ, ದೀಪಾವಳಿಯ ಮೊದಲು ಇಡೀ ಕಥೆಯ ಸಾರಾಂಶವೂ ಆರಂಭದ ಕಂತುಗಳೂ ಕೈ ಸೇರಬೇಕು, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದಾರೆ.

ಸುದ್ದಿ ಕೇಳಿ ಖುಷಿಯಾಗುವ ಬದಲು ಅಂಜಿಕೆಯಾಯಿತು. ಹತ್ತು ಪುಟ ದಾಟಿ ಎಂದೂ ಬರೆದವಳಲ್ಲ. ಸಂಕ್ರಾಂತಿ ಕಳೆದ ಮೇಲೆ ನನಗೆ ಗಂಡು ನೋಡುವುದೆಂದು ಅಪ್ಪ ಆಗಲೇ ಹೇಳಿಯಾಗಿತ್ತು. ಮದುವೆಯಾಗಿ ಯಾವುದೋ ಊರಿನ ಯಾವುದೋ ಅಡುಗೆಮನೆ ಸೇರಿದವಳನ್ನು ಯಾವ ಪತ್ರಿಕೆಯವರು ಹುಡುಕಿಕೊಂಡು ಬಂದಾರು? ಈ ಸಲ ಕೈ ತಪ್ಪಿದರೆ ಬರೆಯುವುದು ಇಲ್ಲಿಗೆ ಮುಗಿಯಿತು ಅಂತ ನನಗೆ ಖಾತ್ರಿಯಿತ್ತು. ಊಟ ಸೇರದಂತಾಯಿತು. ಕೂತರೆ ಎದ್ದು, ಎದ್ದರೆ ಕೂತು, ಹಣೆ ಮುಟ್ಟಿ ನೋಡಿಕೊಳ್ಳುವುದೇ ಕೆಲಸವಾಯಿತು.

ಕಾಗದ ಕೊಟ್ಟವನು ಮಾಮಾ, ಅವ್ವನ ಅಣ್ಣ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ರೈತರು ತಂದ ಒಂದೊಂದು ರಾಶಿಗೂ ನಂಬರು ಹಚ್ಚುತ್ತಾರೆ, ಖರೀದಿದಾರರು ತಮ್ಮ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ, ಹೆಚ್ಚು ಬರೆದವನಿಗೆ ರಾಶಿ. ಮಾರ್ಕೆಟ್ ಮುಗಿದ ಮೇಲೆ ಆ ಚೀಟಿಗಳೆಲ್ಲ ರದ್ದಿ. ಒಂದು ಬದಿಗಷ್ಟೇ ಅಚ್ಚಿದ್ದು, ಇನ್ನೊಂದು ಬದಿ ಬಿಳಿಯಾಗಿ ಇರುತ್ತಿತ್ತು. ಮಾಮಾ ಅವನ್ನು ಗೋಣಿಚೀಲಕ್ಕೆ ತುಂಬಿ ತಂದು ನಮ್ಮ ಹೊಸ್ತಿಲ ಬಳಿ ಇಳಿಸಿ, "ತಗೋ ಅವ್ವಿ, ಬರಿ. ಮುಗದ್ರ ಹೇಳು, ಮತ್ತ ತರ್ತೇನಿ" ಅನ್ನುತ್ತಿದ್ದ. ತಿಂಗಳಿಗೊಮ್ಮೆಯಾದರೂ ಬರುತ್ತಿದ್ದ, ಬಂದಾಗೊಮ್ಮೆ ಏನಾದರೂ ತರುತ್ತಿದ್ದ. ನನ್ನನ್ನು ಬರೆಯಲು ಹುರಿದುಂಬಿಸುತ್ತಿದ್ದ ಒಬ್ಬನೇ ನೆಂಟ ಅವನು.

ಒಂದೇ ತೊಂದರೆ, ಚೀಲದ ತಳದಲ್ಲಿ ಮೆಣಸಿನ ಬೀಜ, ಚೀಟಿಗಳ ಮೇಲೆಲ್ಲ ಖಾರದ ಧೂಳು. ಬರೆಯಲು ಕೂತರೆ ಒಂದರ ಹಿಂದೊಂದು ಸೀನು, ಕಣ್ಣಲ್ಲಿ ನೀರು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ, "ಈ ಹುಡುಗಿ ಏನೋ ದುಃಖದ ಕಥಿ ಬರಿಯಾಕತ್ತೈತಿ ಬಿಡ್ರಿ, ಅಳೂದ ನಿಂದ್ರವಲ್ದು" ಅಂತ ಮಾತಾಡಿಕೊಂಡು ಹೋಗುತ್ತಿದ್ದರು. ನಾನು ಬರೆಯುತ್ತಿದ್ದದ್ದು ಹೆಚ್ಚಾಗಿ ನಗೆಯ ಕಥೆ.

ಒಂದು ಚೀಟಿಗೆ ಒಂದೇ ವಿಚಾರ. ಅದು ನಾನು ಹಾಕಿಕೊಂಡ ನಿಯಮ. ಸೆರಗಿನ ತುದಿಯಲ್ಲಿ ಚೀಟಿಗಳನ್ನೂ ಒಂದು ಪೆನ್ಸಿಲ್ಲಿನ ಮೋಟನ್ನೂ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಹೊಳೆದದ್ದನ್ನು ಅಲ್ಲೇ ಗೀಚುವುದು. ಬೇಗನೆ ಚೀಟಿಗಳು ಕಪಾಟು, ಹಾಸಿಗೆ, ಹಿಟ್ಟಿನ ಡಬ್ಬಿಯ ಮುಚ್ಚಳ ಎಲ್ಲ ಕಡೆ ಸೇರಿಕೊಂಡು, ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗತೊಡಗಿತು. ಆಗ ನಡುಮನೆಯಲ್ಲಿ ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟಿ, ಎಲ್ಲವನ್ನೂ ಸಾಲಾಗಿ ತೂಗು ಹಾಕಿದೆ. ಕಣ್ಣೆದುರಿಗೆ ಇದ್ದರೆ ಮರೆಯುವುದಿಲ್ಲವಲ್ಲ.

ತೂಗು ಹಾಕಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಒಂದೊಂದೇ ಚೀಟಿಯಿಂದ ಕಥೆ ಆಗುವುದಿಲ್ಲ. ಒಂದು ಇನ್ನೊಂದಕ್ಕೆ ತಾಗಬೇಕು. ಕರ್ಜಗಿ ಬಸ್ಸಿನಲ್ಲಿ ಕೋಳಿಗೂ ಟಿಕೆಟ್ ತೆಗೆಯಿರಿ ಅಂತ ಹಟ ಹಿಡಿದ ಕಂಡಕ್ಟರನದು ಒಂದು ಚೀಟಿ. ಮಾತು ಬಿಟ್ಟು ವರ್ಷಗಟ್ಟಲೆ ಒಂದೇ ಅಂಗಳದಲ್ಲಿರುವ ಅಣ್ಣತಮ್ಮಂದಿರದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಹಾಕಿದಾಗ ಕೋಳಿ ಇಬ್ಬರದೂ ಆಯಿತು, ಟಿಕೆಟ್ ಯಾರು ತೆಗೆಯಬೇಕು ಅನ್ನುವ ಜಗಳದಲ್ಲಿ ಅವರು ಮಾತಾಡಲೇಬೇಕಾಯಿತು. ಇದು ಹೊಲದಲ್ಲಿ ದಿನಾ ಮಾಡುವ ಕೆಲಸವೇ ಅಲ್ಲವೇ ಅನ್ನಿಸಿ, ಅವ್ವನ ದಾರದ ಉಂಡೆಯನ್ನೇ ತಂದು, ಒಂದಕ್ಕೊಂದು ತಾಗಿದ ಚೀಟಿಗಳಿಗೆ ಉಗುರಿನಿಂದ ತೂತು ಮಾಡಿ ದಾರ ಕಟ್ಟಿದೆ. ಅವ್ವ ಓದು ಬರಹ ಕಲಿತವಳಲ್ಲ. ಹಗ್ಗದ ಕೆಳಗೆ ಹಾಯುವಾಗೊಮ್ಮೆ ತಲೆಯೆತ್ತಿ ನೋಡಿ, "ಇವತ್ತ ಎಷ್ಟ ಕ್ರಾಸಿಂಗ್ ಆದ್ವು?" ಅಂತ ಕೇಳುತ್ತಿದ್ದಳು. ಪ್ಲಾಟಿನ ಆಳುಗಳನ್ನು ಕೇಳುವ ಧಾಟಿಯಲ್ಲೇ.

ಹಗ್ಗದ ತುದಿಗೆ, ಅಡುಗೆಮನೆ ಬಾಗಿಲ ಹತ್ತಿರ, ದಾರ ಕಟ್ಟದ ಚೀಟಿಗಳ ಒಂದು ಗುಂಪಿತ್ತು. ಅವೆಲ್ಲ ಅವ್ವನ ಬಗ್ಗೆ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಶಾಲೆಯಿಂದ ಬಂದರೆ ಮನೆಯಲ್ಲಿ ಅವ್ವ ಇರಲಿಲ್ಲ. ಅಪ್ಪನ ಅವ್ವ, ನನ್ನ ಅಜ್ಜಿ, ಆಗ ಇದ್ದಳು. ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಕೇಳಿದರೆ, "ಬ್ಯಾಡಗಿಗೆ ಹೋಗ್ಯಾಳ" ಅಂದಳು, ಮತ್ತೇನೂ ಹೇಳಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಅವ್ವ ಬಸ್ಸಿನಿಂದ ಇಳಿದು ಬಂದಳು, ಕೈಯಲ್ಲಿ ಒಂದು ಚೀಲ. ನೆಟ್ಟಗೆ ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ತಿನ್ನಲು ಏನಾದರೂ ತಂದಿದ್ದಾಳೋ ಅಂತ ಚೀಲದಲ್ಲಿ ಕೈ ಹಾಕಿ ನೋಡಿದೆ. ಮಡಚಿದ ಎರಡು ಸೀರೆ, ಒಂದು ಹಣಿಗೆ. ತಲೆ ಬಾಚುವ ಹಣಿಗೆಯನ್ನು ಯಾರಾದರೂ ಹೋಗಿ ಸಂಜೆಗೆ ಬರುವ ಊರಿಗೆ ಯಾಕೆ ಒಯ್ಯುತ್ತಾರೆ ಅಂತ ಆಗ ನನಗೆ ಹೊಳೆಯಲಿಲ್ಲ. ಹೊಳೆದದ್ದು ಬಹಳ ತಡವಾಗಿ, ಮತ್ತು ಹೊಳೆದ ಮೇಲೆ ಕೆಲಸ ಬಿಟ್ಟು ಹೊಲದ ಬದುವಿನ ಮೇಲೆ ಕೂತುಬಿಟ್ಟಿದ್ದೆ.

ಆ ದಿನದ ಬಗ್ಗೆ, ಆ ಚೀಲದ ಬಗ್ಗೆ, ಒಲೆಯ ಮುಂದೆ ಅವ್ವನ ಬೆನ್ನಿನ ಬಗ್ಗೆ ಒಂದೊಂದಾಗಿ ಬರೆದಿದ್ದೆ. ಬೇರೆ ಯಾವ ಚೀಟಿಗೂ ಅವನ್ನು ತಾಗಿಸಲು ಧೈರ್ಯವಾಗಲಿಲ್ಲ. ತಾಗಿಸಿದರೆ ಮುಂದೆ ಏನು ಅಂತ ಯೋಚಿಸಬೇಕಾಗುತ್ತದೆ. ಅವ್ವ ಆ ದಿನ ತಿರುಗಿ ಬರದೇ ಇದ್ದಿದ್ದರೆ ಅಂತಲೂ ಯೋಚಿಸಬೇಕಾಗುತ್ತದೆ. ನನಗೆ ಅದು ಬೇಡವಾಗಿತ್ತು. ಕೆಳಗೆ ಹಾಯುವ ಅವ್ವನಿಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದರೂ, ಅವಳು ಅಲ್ಲಿ ಒಂದು ಗಳಿಗೆ ಹೆಚ್ಚು ನಿಂತರೆ ಏನಾದರೂ ನೆಪ ಹೇಳಿ ಅವಳನ್ನು ಕರೆದುಬಿಡುತ್ತಿದ್ದೆ.

ಕಂತುಗಳನ್ನು ಬರೆದದ್ದಾಯಿತು. ಕೋಳಿ, ಕಂಡಕ್ಟರು, ಅಣ್ಣತಮ್ಮಂದಿರು, ಬಳೆಗಾರ್ತಿ, ಎಲ್ಲರನ್ನೂ ತುಂಬಿ ಒಂದು ಶನಿವಾರ ಹಾವೇರಿಗೆ ಹೋದೆ. ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಬ್ಯಾಡಗಿಯ ಕಡೆ ತಿರುಗುವ ರಸ್ತೆಯನ್ನು ನೋಡದಿರಲು ಕಾಗದಗಳನ್ನು ಮತ್ತೊಮ್ಮೆ ಎಣಿಸಿದೆ. ಸರ್ ತಮ್ಮ ಮನೆಯ ಜಗಲಿಯಲ್ಲಿ ಕೂತು ಕೊನೆಯವರೆಗೂ ಓದಿದರು, ನಡುನಡುವೆ ನಕ್ಕರು. ನಕ್ಕಾಗೆಲ್ಲ ನನ್ನ ಜೀವ ಒಂದಿಷ್ಟು ಜಾಗಕ್ಕೆ ಬರುತ್ತಿತ್ತು. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿದರು.

"ಛಲೋ ಬರದೀದಿ. ನಕ್ಕು ನಕ್ಕು ಸಾಕಾತು. ಆದ್ರ ಇದು ಯಾರ ಕಥಿ?"

ಎಲ್ಲರದೂ ಅಂದೆ.

"ಎಲ್ಲಾರೂ ಬಂದು ಬಂದು ಹೋಗಾಕತ್ತಾರ, ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಆಕ್ಕೈತಿ. ನಡುವ ಒಬ್ರು ಬೇಕು. ಯಾರ ಸಲುವಾಗಿ ನಾ ಮುಂದಿನ ವಾರ ಪತ್ರಿಕೆ ಕೊಳ್ಳಬೇಕು, ಅದನ್ನ ಹೇಳು." ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಮಂಗಳವಾರ ನಾನಽ ಹುಬ್ಬಳ್ಳಿಗೆ ಹೋಗಾಂವ ಅದೇನಿ. ಸೋಮವಾರದೊಳಗ ತಂದುಕೊಟ್ರ ಪತ್ರಿಕೆಯವರಿಗೆ ಮುಟ್ಟಸ್ತೇನಿ. ಇಲ್ಲಂದ್ರ ಅವರು ಕಾಯಂಗಿಲ್ಲವ್ವಾ."

ನಡುವೆ ಯಾರಿರಬೇಕು ಅಂತ ನನಗೆ ಗೊತ್ತಿತ್ತು. ತಿಂಗಳಿಂದ ಗೊತ್ತಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡು, ಇವತ್ತು ಸಂಜೆ ಆ ಚೀಟಿಗಳನ್ನು ಇಳಿಸಿ, ಮುಂದಿಟ್ಟುಕೊಂಡು, ದಾರ ಕಟ್ಟೇ ಕಟ್ಟುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸುವಾಗ ಆ ಗಟ್ಟಿತನ ಅರ್ಧ ಇಳಿದಿತ್ತು. ಮೇಡ್ಲೇರಿಯಲ್ಲಿ ಇಳಿದಾಗ ಕಾಲು ಭಾಗ ಉಳಿದಿತ್ತು.

ನಮ್ಮ ಓಣಿಗೆ ತಿರುಗಿದರೆ ಎಲ್ಲರೂ ಕೆಮ್ಮುತ್ತಿದ್ದರು. ಕಟ್ಟೆಯ ಮೇಲಿನ ಮುದುಕರು ಮೂಗಿಗೆ ಟವೆಲ್ಲು ಒತ್ತಿಕೊಂಡಿದ್ದರು, ಹುಡುಗರು ಸೀನುತ್ತ ನಗುತ್ತಿದ್ದರು. ಗಾಳಿಯ ತುಂಬ ಮೆಣಸಿನಕಾಯಿ ಸುಟ್ಟ ಘಾಟು. ಯಾರೋ ತಮ್ಮ ಕೂಸಿಗೆ ದೃಷ್ಟಿ ತೆಗೆದಿರಬೇಕು, ಇಷ್ಟು ಘಾಟು ಬಂತೆಂದರೆ ಭಾರೀ ಕೆಟ್ಟ ದೃಷ್ಟಿಯೇ ಇರಬೇಕು ಅಂದುಕೊಂಡೆ. ನಾಲ್ಕು ಹೆಜ್ಜೆ ಮುಂದೆ ಹೋದಾಗ ಹೊಗೆ ನಮ್ಮ ಬಚ್ಚಲ ಮನೆಯಿಂದ ಬರುತ್ತಿರುವುದು ಕಂಡಿತು. ನಾನು ಓಡಿದೆ.

ಅವ್ವ ಬಚ್ಚಲ ಒಲೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕಣ್ಣು ಕೆಂಪಗಾಗಿದ್ದವು, ಆದರೆ ಮುಖದಲ್ಲಿ ಸಮಾಧಾನ. ಮಾಮಾನ ಗೋಣಿಚೀಲದ ಕೊನೆಯ ಮೂಲೆ ಒಲೆಯೊಳಗೆ ಉರಿಯುತ್ತಿತ್ತು.

"ಬಂದೇನು? ನಾಳಿಗೆ ಕಂಪನಿ ಸಾಹೇಬ್ರು ಪ್ಲಾಟ್ ನೋಡಿ ಮನಿಗೆ ಚಾಕ್ಕ ಬರ್ತಾರಂತ. ಮನಿಯೆಲ್ಲಾ ಹಸನ ಮಾಡಿದೆ. ನಿಂದೂ ಹಸನ ಮಾಡೇನಿ ನೋಡು ಹೋಗು. ದಾರ ಇಲ್ದವನ್ನೆಲ್ಲಾ ಚಿವುಟಿ ತಗದೇನಿ. ದಾರ ಇದ್ದದ್ದು ಒಂದನ್ನೂ ಮುಟ್ಟಿಲ್ಲ."

ನಡುಮನೆಗೆ ಹೋಗಿ ನೋಡಿದೆ. ಹಗ್ಗ ಓರಣವಾಗಿತ್ತು. ದಾರ ಕಟ್ಟಿದ ಚೀಟಿಗಳನ್ನು ಸಮ ಅಂತರದಲ್ಲಿ ಸರಿಸಿ, ಅಡ್ಡ ತಿರುಗಿದ್ದನ್ನು ನೆಟ್ಟಗೆ ಮಾಡಿದ್ದಳು. ಅಡುಗೆಮನೆ ಬಾಗಿಲ ಹತ್ತಿರದ ತುದಿ ಖಾಲಿ. ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಅನ್ನಿಸುತ್ತದೆ, ಆದರೆ ಯಾರ ಮೇಲೆ ಬರಬೇಕು? ಸೆಲ್ಫ್ ಕಾಯಿ ಉಳಿಸಿದರೆ ಪ್ಲಾಟು ಹೋಗುತ್ತದೆ ಅಂತ ನಂಬಿದವಳು ನನ್ನ ಪ್ಲಾಟು ಉಳಿಸಿದ್ದಳು. ಗೋಡೆಗೆ ಆತು ನಿಂತೆ.

ಅವ್ವ ಹಿಂದೆಯೇ ಬಂದು ನಿಂತಳು. "ಯಾಕ, ಅವು ಬೇಕಾಗಿದ್ವೇನು?"

"ಇಲ್ಲ ಬಿಡು" ಅಂದೆ. ಕೆಮ್ಮು ಬಂತು, ಅದರಿಂದ ಅನುಕೂಲವೇ ಆಯಿತು.

ಆ ಸಂಜೆ ಚೀಟಿಗಳಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಲು ಕೂತೆ. ಬರೆಯಲು ಚೀಟಿಯೂ ಇರಲಿಲ್ಲ, ಚೀಲವೇ ಸುಟ್ಟಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದುಕೊಂಡೆ. ಬಸ್ಸು, ಚೀಲ, ಎರಡು ಸೀರೆ, ಹಣಿಗೆ, ಒಲೆ. ಅಷ್ಟು ಬಂತು. ಮುಂದಿನದಕ್ಕೆ ತಡಕಾಡಿದೆ, ಇನ್ನೂ ಏನೇನೋ ಇತ್ತಲ್ಲ ಅಂತ ತಲೆ ಕೆರೆದುಕೊಂಡೆ. ಬಹಳ ಹೊತ್ತಿನ ಮೇಲೆ ತಿಳಿಯಿತು, ಇನ್ನೇನೂ ಇರಲಿಲ್ಲ. ಉಳಿದ ಚೀಟಿಗಳಲ್ಲೆಲ್ಲ ಇದ್ದದ್ದು ಬರೀ ಪ್ರಶ್ನೆ: ಯಾಕೆ ಹೋದಳು, ಯಾಕೆ ಬಂದಳು, ಅಲ್ಲಿ ಏನಾಯಿತು. ಉತ್ತರ ಗೊತ್ತಿದ್ದವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಕೇಳಬೇಕಾಗಿತ್ತು, ಅದೂ ಸೋಮವಾರದೊಳಗೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಒಂದು ದಿನದಲ್ಲಿ ಹೇಗೆ ಕೇಳುವುದು ಅಂತ ನನಗೆ ನಿಜಕ್ಕೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಬರುವ ಮೊದಲೇ ಕೆಲಸ ಮುಗಿಸಬೇಕೆಂದು ಬೇಗ ಹೊಲಕ್ಕೆ ಹೋದೆವು. ಆಳುಗಳು ಇನ್ನೂ ಬಂದಿರಲಿಲ್ಲ. ಅವ್ವ ಒಂದು ಸಾಲು, ನಾನು ಪಕ್ಕದ ಸಾಲು. ಹತ್ತಿ ಗಿಡಗಳು ಎದೆಯ ಮಟ್ಟಕ್ಕೆ ಬೆಳೆದಿದ್ದವು. ಬಗ್ಗಿ ಕೆಲಸ ಮಾಡುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದೇ ಆಧಾರವಾಯಿತು. ಟೊಪ್ಪಿಗೆ ತೆಗೆದೆ, ಹೂ ಸವರಿದೆ, ದಾರ ಕಟ್ಟಿದೆ; ಈ ಗಿಡ ಮುಗಿದ ಮೇಲೆ ಕೇಳುತ್ತೇನೆ ಅಂದುಕೊಂಡೆ. ಆ ಗಿಡ ಮುಗಿಯಿತು. ಮುಂದಿನ ಗಿಡ ಅಂದುಕೊಂಡೆ. ಅರ್ಧ ಸಾಲು ಹೀಗೇ ಹೋಯಿತು.

"ಅವ್ವಾ."

"ಹೂಂ."

"ನಾ ಎರಡನೇತ್ತೆ ಇದ್ದಾಗ ನೀ ಒಮ್ಮೆ ಚೀಲ ತಗೊಂಡು ಬ್ಯಾಡಗಿಗೆ ಹೋಗಿದ್ದಿ."

ಆ ಕಡೆ ಎಲೆಗಳ ಸಪ್ಪಳ ನಿಂತಿತು. ಇನ್ನು ಇವಳು ನನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ.

"ನಿನಗ ಅದು ನೆನಪೈತೇನು?" ಅಂದಳು.

"ಯಾಕ ಹೋಗಿದ್ದಿ?"

"ಇರಾಕಂತ ಹೋಗಿದ್ದೆ." ಸಪ್ಪಳ ಮತ್ತೆ ಶುರುವಾಯಿತು. ಅವಳು ಕೆಲಸ ಮಾಡುತ್ತಲೇ ಹೇಳಿದಳು.

"ಅಪ್ಪ ಏನರ ಅಂದಿದ್ನೇನು? ಅಜ್ಜಿ?"

"ಯಾರೂ ಏನೂ ಅಂದಿದ್ದಿಲ್ಲ. ಅದಽ ನೋಡು. ವರ್ಷಗಟ್ಟಲೆ ಯಾರೂ ಏನೂ ಅಂದಿದ್ದಿಲ್ಲ. ಉಪ್ಪು ಹಾಕು, ನೀರು ಕಾಸು, ಅಷ್ಟಽ. ಜ್ವರ ಬಂದು ಮಲಗಿದ್ರ ಏನಾತು ಅಂತ ಕೇಳಾಂವ ಇಲ್ಲ. ನನ್ನ ದನಿ ನನಗಽ ಮರತಂಗ ಆಗಿತ್ತು. ಬ್ಯಾಸರಾತು. ಎದ್ದು ಹೋದೆ."

"ಮಾಮಾ ಏನಂದ?"

"ಅಂವೂ ಏನೂ ಅನ್ನಲಿಲ್ಲ." ಅವಳು ನಕ್ಕಂತೆ ಕೇಳಿಸಿತು. "ಅಂಗಡಿ ಬಿಟ್ಟು ಮನಿಗೆ ಕರಕೊಂಡು ಹೋದ. ಉಣ್ಣಾಕ ಹಾಕಿಸಿದ. ಉಂಡು ಕೈ ತೊಳಕೊಳ್ಳೂದ್ರಾಗ ನನ್ನ ಚೀಲ ತಾನಽ ಎತ್ತಿ ಹಿಡಕೊಂಡು ನಿಂತಿದ್ದ. ಸಂಜಿ ಬಸ್ಸಿಗೆ ಹತ್ತಿಸಿದ. ಯಾಕ ಬಂದಿ ಅಂತ ಕೇಳಲೇ ಇಲ್ಲ. ಕೇಳಿದ್ರ ನನ್ನ ಇಟಗೋಬೇಕಾಕ್ಕಿತ್ತಲ್ಲ."

ನಾನು ಮುಂದಿನ ಹೂವಿನ ಟೊಪ್ಪಿಗೆ ತೆಗೆದೆ.

"ಅವತ್ತಿನಿಂದ ಅಂವ ನಮ್ಮ ಮನಿಗೆ ಒಮ್ಮೆರ ಬರಿಗೈಲೆ ಬಂದದ್ದು ನೋಡೀಯೇನು?" ಅಂದಳು ಅವ್ವ.

ನೋಡಿರಲಿಲ್ಲ. ಬೆಲ್ಲ, ಬಟ್ಟೆ, ಮೆಣಸಿನಕಾಯಿ, ಕೊನೆಗೆ ನನಗೆ ಚೀಟಿ ತುಂಬಿದ ಚೀಲ. ತಗೋ ಅವ್ವಿ, ಬರಿ ಅನ್ನುತ್ತ ಹೊಸ್ತಿಲಲ್ಲಿ ಇಳಿಸುವಾಗ ಅವನು ಎಂದೂ ಅವ್ವನ ಮುಖ ನೋಡುತ್ತಿರಲಿಲ್ಲ, ನಾನು ಅದನ್ನು ಗಮನಿಸಿದ್ದೆ, ಗಮನಿಸಿಯೂ ಅವನ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ. ಇಷ್ಟು ದಿನ ಅವ್ವನ ಆ ಒಂದು ದಿನದ ಬಗ್ಗೆ ನಾನು ಬರೆಯುತ್ತಿದ್ದದ್ದು ಆ ದಿನಕ್ಕಾಗಿಯೇ ಬಂದ ಕಾಗದದ ಮೇಲೆ. ನನಗೆ ಅಳು ಬಂತು. ಈ ಸಲ ಖಾರದ ಧೂಳಿನ ನೆಪ ಇರಲಿಲ್ಲ.

"ನಿನ್ನೆ ಸುಟ್ಟೆನಲ್ಲಾ, ಅದರಾಗ ಇದನ್ನಽ ಬರದಿದ್ದೇನು?"

"ಹೂಂ."

ಅವ್ವ ಎದ್ದು ನಿಂತಳು. ಗಿಡಗಳ ಮೇಲೆ ಅವಳ ಮುಖ ಕಂಡಿತು, ಸೆರಗು ಹಣೆಯವರೆಗೆ ಸುತ್ತಿತ್ತು. "ನನಗೇನ ಗೊತ್ತು. ದಾರ ಇದ್ದಿದ್ದಿಲ್ಲ" ಅಂದಳು. ದೂರದಲ್ಲಿ ಆಳುಗಳು ಬರುವ ದನಿ ಕೇಳಿಸುತ್ತಿತ್ತು. ಅವಳು ಆ ಕಡೆ ಒಮ್ಮೆ ನೋಡಿ, ಸಾಲಿಗೆ ಬಗ್ಗುವ ಮೊದಲು ಹೇಳಿದಳು: "ಬರಿ. ಆದ್ರ ಕಥಿಯೊಳಗ ಆಕೀನ ಸಂಜಿ ಬಸ್ಸಿಗೆ ಹತ್ತಿಸಿ ತಿರುಗಿ ಕಳಸಬ್ಯಾಡ."

ಸಾಹೇಬರು ಬಂದರು, ಪ್ಲಾಟು ಪಾಸಾಯಿತು, ಚಹಾ ಕುಡಿದು ಹೋದರು. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾರಾಂಶ ಬರೆದೆ. ಕೋಳಿಯೂ ಕಂಡಕ್ಟರನೂ ಎಲ್ಲರೂ ಉಳಿದರು; ಚೀಲ ಹಿಡಿದು ಒಬ್ಬ ಹೆಂಗಸು ಅವರ ಬಸ್ಸು ಹತ್ತಿದಳು. ಸೋಮವಾರ ಹಾವೇರಿಗೆ ಒಯ್ದು ಕೊಟ್ಟೆ. ಸರ್ ಓದಿ, ಈ ಸಲ ನಗದೆ, "ಈಕಿ ಸಲುವಾಗಿ ಕೊಳ್ತೇನಿ" ಅಂದರು.

ಧಾರಾವಾಹಿ ಶುರುವಾದ ಮೇಲೆ ಅಂಜಿಕೆ ಹೋಯಿತು ಅಂತ ಯಾರಾದರೂ ತಿಳಿದರೆ ತಪ್ಪು. ಹೊಸ ಅಂಜಿಕೆ ಬಂತು. ಮಾಮಾ ದಲಾಲಿ ಅಂಗಡಿಯಲ್ಲಿ ಆ ಪತ್ರಿಕೆ ಓದುತ್ತಾನೆ. ಅಣ್ಣನ ಮನೆಯಲ್ಲಿ ಉಂಡು, ಚೀಲ ತನ್ನ ಕೈಗೇ ತೆಗೆದುಕೊಂಡು, "ನಾ ಹೋಗಂಗಿಲ್ಲ, ಇಲ್ಲೇ ಬಾಡಿಗಿಗೆ ಒಂದು ಖೋಲಿ ನೋಡಿಕೊಡು" ಅನ್ನುವ ಹೆಂಗಸಿನ ಕಂತು ಅಚ್ಚಾದ ವಾರ ಅವನು ಬಂದ. ಬಾಗಿಲಲ್ಲಿ ಅವನ ಚಪ್ಪಲಿಯ ಸಪ್ಪಳ ಕೇಳಿದಾಗ ನಾನು ಹಿತ್ತಲಿಗೆ ಹೋಗಿಬಿಟ್ಟೆ. ಅವನು ಎಂದಿನಂತೆ ಚೀಲ ಇಳಿಸಿದ, ನೀರು ಕುಡಿದ, ಹೋದ. ಓದಿದ್ದನೋ ಇಲ್ಲವೋ ಕೊನೆಯವರೆಗೂ ತಿಳಿಯಲಿಲ್ಲ.

ಅವ್ವನಿಗೆ ಪ್ರತಿ ವಾರ ನಾನೇ ಓದಿ ಹೇಳುತ್ತಿದ್ದೆ. ಆ ಕಂತು ಓದುವಾಗ ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಖೋಲಿ ಸಿಕ್ಕಿತು, ಬಾಗಿಲು ಹಾಕಿಕೊಂಡಳು, ಕಂತು ಮುಗಿಯಿತು. ನಾನು ಪತ್ರಿಕೆ ಮಡಚಿದೆ. ಅವ್ವ ಜೋಳವನ್ನು ಒಮ್ಮೆ ಕೇರಿ ಮತ್ತೆ ಆರಿಸತೊಡಗಿದಳು.

"ಮರದಿನ ಮುಂಜಾನೆ ಎದ್ದು ಆಕಿ ಏನ್ ಮಾಡಿದ್ಲು?" ಅಂತ ಕೇಳಿದಳು.

ನನ್ನ ಹತ್ತಿರ ಅದಕ್ಕೆ ಚೀಟಿ ಇರಲಿಲ್ಲ. ಮುಂದಿನ ಕಂತು ಕಳಿಸುವ ದಿನ ಹತ್ತಿರ ಬಂದಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲ ಅಂದೆ.

ಅವ್ವ ಮೊರವನ್ನು ಕೆಳಗಿಟ್ಟು, ಕೈ ಜಾಡಿಸಿಕೊಂಡು, ಬಾಗಿಲ ಆಚೆ ನೋಡುತ್ತ ಕೂತಳು.

"ಮೊದಲ ತಲಿ ಬಾಚ್ಕೊಂಡಿರ್ತಾಳ" ಅಂದಳು. "ಯಾರೂ ಕರೆಯೂದಿಲ್ಲಲ್ಲ. ನಿಧಾನಕ್ಕ ಬಾಚ್ಕೊಂಡಿರ್ತಾಳ."